ಹಳೆಯ ಟೀ-ಷರಟು ಮತ್ತು ಕತ್ತರಿ

ಹಳೆಯ ಪಂಚೆಯೊಂದನ್ನು ಕತ್ತರಿಸಿ ಅದರ ಅಂಚನ್ನು ಬೆರಳುಗಳಿಂದ ಉಜ್ಜಿದರೆ ನೂಲುಗಳು ಒಂದೊಂದಾಗಿ ಕಳಚಿ ಬರುತ್ತವೆ. ಟೀ-ಷರಟನ್ನು ಹಾಗೆಯೇ ಕತ್ತರಿಸಿದರೆ ಅಂಚು ಸುರುಳಿ ಸುತ್ತಿಕೊಳ್ಳುವುದೇ ಹೊರತು ನೂಲು ಸುಲಭವಾಗಿ ಕಳಚುವುದಿಲ್ಲ. ಎರಡೂ ಹತ್ತಿಯ ಬಟ್ಟೆಗಳೇ ಆಗಿರುವಾಗ ಈ ವ್ಯತ್ಯಾಸವೇಕೆ? ಇದರ ಕಾರಣವನ್ನರಿತರೆ ಹೊಲಿಗೆಯ ಯಂತ್ರವಿಲ್ಲದೆ, ಕತ್ತರಿಯೊಂದರ ನೆರವಿನಿಂದಲೇ, ಹಳೆಯ ಟೀ-ಷರಟಿಗೆ ಹೊಸ ಉಪಯೋಗವನ್ನು ನಾವು ಕಲ್ಪಿಸಬಹುದು.

ಪಂಚೆ ಮಗ್ಗದಲ್ಲಿ ನೇಯ್ದ ಬಟ್ಟೆ. ಅದರಲ್ಲಿ ಉದ್ದಕ್ಕೆ ಹಾಸಿನ ನೂಲುಗಳೂ ಅಡ್ಡಕ್ಕೆ ಹೊಕ್ಕಿನ ನೂಲುಗಳೂ ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯ್ದಿರುತ್ತವೆ. ಅವುಗಳನ್ನು ಹಿಡಿದಿಟ್ಟಿರುವುದು ಪರಸ್ಪರ ಘರ್ಷಣೆ. ಕತ್ತರಿಸಿದೊಡನೆ ಕೊನೆಯ ನೂಲಿಗೆ ಒಂದು ಮಗ್ಗುಲಿನ ಆಸರೆ ತಪ್ಪುತ್ತದೆ. ಅದು ಜಾರಿ ಹೊರಬರುತ್ತದೆ. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳ ತುಂಡುಗಳಿಂದ ಕೌದಿ ಹೊಲಿಯುವಾಗ ಅಂಚನ್ನು ಒಳಕ್ಕೆ ಮಡಿಚುವುದು ಈ ಕಾರಣದಿಂದಲೇ.

ಟೀ-ಷರಟಿನ ಬಟ್ಟೆಯಾದರೋ ಹೆಣಿಗೆಯದು. ಅದರಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಬಾಗುತ್ತ ಅಡ್ಡಸಾಲಿನಲ್ಲಿ ಸಾಗುತ್ತದೆ. ಪ್ರತಿಯೊಂದು ಕುಣಿಕೆಯೂ ಕೆಳಗಿನ ಸಾಲಿನ ಕುಣಿಕೆಯೊಳಗಿಂದ ಹಾದು ಬಂದಿರುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದನು. ಇಂದು ತಮಿಳುನಾಡಿನ ತಿರುಪ್ಪೂರಿನಲ್ಲಿ ಟೀ-ಷರಟಿನ ಬಟ್ಟೆಯನ್ನು ಕೊಳವೆಯಾಕಾರದಲ್ಲಿ ಹೆಣೆಯುವ ಯಂತ್ರಗಳೂ ಕುಣಿಕೆಯ ಈ ತತ್ತ್ವವನ್ನೇ ಅವಲಂಬಿಸಿವೆ.

ಕುಣಿಕೆಯ ರಚನೆಯಿಂದ ಮೂರು ಗುಣಗಳು ಒದಗುತ್ತವೆ. ಮೊದಲನೆಯದಾಗಿ, ಎಳೆದಾಗ ಕುಣಿಕೆಯ ಆಕಾರ ಬದಲಾಗುವುದರಿಂದ ಬಟ್ಟೆ ಹಿಗ್ಗುತ್ತದೆ. ಉದ್ದಕ್ಕಿಂತ ಅಗಲದಲ್ಲಿ ಹೆಚ್ಚು ಹಿಗ್ಗುತ್ತದೆ. ಎರಡನೆಯದಾಗಿ, ಕುಣಿಕೆಗಳು ಒಂದನ್ನೊಂದು ತಡೆಹಿಡಿದಿರುವುದರಿಂದ ಅಂಚು ಬೇಗನೆ ಎಳೆಬಿಡುವುದಿಲ್ಲ. ಮೂರನೆಯದಾಗಿ, ಬಾಗಿದ ನೂಲು ನೇರವಾಗಲು ಸದಾ ಹವಣಿಸುತ್ತಿರುತ್ತದೆ. ಬಟ್ಟೆಯ ನಡುವೆ ನೆರೆಯ ಕುಣಿಕೆಗಳು ಈ ಬಲವನ್ನು ಸರಿದೂಗಿಸುತ್ತವೆ. ಅಂಚಿನಲ್ಲಿ ಆ ಸಮತೋಲ ತಪ್ಪುವುದರಿಂದ ಬಟ್ಟೆ ಸುರುಳಿಯಾಗುತ್ತದೆ. ಅಡ್ಡ ಕತ್ತರಿಸಿದ ಅಂಚು ಬಟ್ಟೆಯ ಮುಂಬದಿಗೂ, ಉದ್ದಕ್ಕೆ ಕತ್ತರಿಸಿದ ಅಂಚು ಹಿಂಬದಿಗೂ ಸುತ್ತಿಕೊಳ್ಳುವುದನ್ನು ಓದುಗರು ತಾವೇ ಪರೀಕ್ಷಿಸಿ ನೋಡಬಹುದು.

ಈ ಗುಣಗಳನ್ನು ಬಳಸಿಕೊಂಡು ಮೊದಲು ದಪ್ಪ ದಾರವನ್ನು ಮಾಡೋಣ. ಪಕ್ಕದಲ್ಲಿ ಹೊಲಿಗೆಯಿಲ್ಲದ ಟೀ-ಷರಟು ಇದಕ್ಕೆ ಉತ್ತಮ. ಕಂಕುಳಿನ ಕೆಳಗೆ ಅಡ್ಡಲಾಗಿ ಕತ್ತರಿಸಿ, ಕೆಳಗಿನ ಮಡಿಕೆಯನ್ನೂ ತೆಗೆದರೆ ಬಟ್ಟೆಯ ಕೊಳವೆಯೊಂದು ಉಳಿಯುತ್ತದೆ. ಅದನ್ನು ಮೇಜಿನ ಮೇಲೆ ಹರಡಿ, ಒಂದು ಮಗ್ಗುಲಿನಿಂದ ಅಡ್ಡಲಾಗಿ, ಸುಮಾರು 2.5 ಸೆಂಟಿಮೀಟರು ಅಂತರದಲ್ಲಿ, ಎರಡೂ ಪದರಗಳನ್ನು ಕೂಡಿಸಿ ಕತ್ತರಿಸಬೇಕು. ಎದುರಿನ ಮಗ್ಗುಲಿನಲ್ಲಿ 3 ಸೆಂಟಿಮೀಟರಿನಷ್ಟನ್ನು ಕತ್ತರಿಸದೆ ಬಿಡಬೇಕು. ಬಳಿಕ ಆ ಭಾಗವನ್ನು ಬಿಡಿಸಿ ಹರಡಿ, ಒಂದು ಬದಿಯ ಸೀಳಿನಿಂದ ಇನ್ನೊಂದು ಬದಿಯ ಮುಂದಿನ ಸೀಳಿಗೆ ಓರೆಯಾಗಿ ಕತ್ತರಿಸುತ್ತ ಹೋದರೆ, ಇಡೀ ಕೊಳವೆ ಒಂದೇ ಉದ್ದನೆಯ ಪಟ್ಟಿಯಾಗುತ್ತದೆ. ಅದನ್ನು ಸ್ವಲ್ಪ ಸ್ವಲ್ಪವಾಗಿ ಎಳೆದಂತೆಲ್ಲ ಎರಡೂ ಅಂಚುಗಳು ಒಳಕ್ಕೆ ಸುರುಳಿಸುತ್ತಿ ಪಟ್ಟಿಯು ದುಂಡನೆಯ ದಾರವಾಗುತ್ತದೆ. ಮೂರು ದಾರಗಳನ್ನು ಜಡೆಯಂತೆ ಹೆಣೆದು, ಆ ಜಡೆಯನ್ನು ಚಕ್ರಾಕಾರವಾಗಿ ಸುತ್ತಿ, ದಪ್ಪ ಸೂಜಿಯಿಂದ ಅಲ್ಲಲ್ಲಿ ಬಿಗಿದರೆ ಬಾಗಿಲಿಗೆ ಕಾಲೊರೆಸು ಸಿದ್ಧವಾಗುತ್ತದೆ.

ಚೀಲಕ್ಕಾದರೆ ಸೂಜಿಯೂ ಬೇಡ. ತೋಳುಗಳನ್ನು ಹೊಲಿಗೆಯ ಒಳಭಾಗದಲ್ಲಿ ಕತ್ತರಿಸಿ ತೆಗೆದು, ಕತ್ತನ್ನು ಅಗಲಿಸಿದರೆ ಭುಜಗಳೆರಡೂ ಚೀಲದ ಹಿಡಿಗಳಾಗುತ್ತವೆ. ಕೆಳಗಿನ ಮಡಿಕೆಯನ್ನು ತೆಗೆದು, ಅಲ್ಲಿ ಎರಡು ಪದರಗಳನ್ನೂ ಒಟ್ಟಿಗೆ 2.5 ಸೆಂಟಿಮೀಟರು ಅಗಲ, 8 ಸೆಂಟಿಮೀಟರು ಉದ್ದದ ಪಟ್ಟಿಗಳಾಗಿ ಸೀಳಬೇಕು. ಮುಂದಿನ ಪಟ್ಟಿಗೆ ಅದರ ಹಿಂದಿನದನ್ನು ಎರಡು ಸಲ ಗಂಟು ಹಾಕಬೇಕು. ಆಮೇಲೆ ಒಂದು ಗಂಟಿನ ತುದಿಯನ್ನು ಪಕ್ಕದ ಗಂಟಿನ ತುದಿಗೆ ಕಟ್ಟಿದರೆ ನಡುವಣ ತೂತುಗಳೂ ಮುಚ್ಚುತ್ತವೆ. ಹಿಗ್ಗುವ ಪಟ್ಟಿ ಗಂಟಿನಲ್ಲಿ ಅದುಮಿಕೊಳ್ಳುವುದರಿಂದಲೂ, ಹತ್ತಿಯ ಮೈ ಒರಟಾದುದರಿಂದಲೂ ಈ ಗಂಟುಗಳು ಸುಲಭವಾಗಿ ಸಡಿಲವಾಗವು. ಭಾರ ಹೇರಿದಾಗ ಚೀಲ ಕೆಳಕ್ಕೆ ಜಗ್ಗುತ್ತದೆ. ಆದುದರಿಂದ ಅದನ್ನು ಗಿಡ್ಡವಾಗಿ ಮಾಡುವುದೇ ಲೇಸು.

ಆದರೆ ಎಲ್ಲ ಟೀ-ಷರಟುಗಳೂ ಎಲ್ಲಕ್ಕೂ ಒದಗುವುದಿಲ್ಲ. ತೇವಯುತ ವಾಯುವಿನಿಂದ ಹತ್ತಿಯು ತನ್ನ ತೂಕದ ಸುಮಾರು 8 ಪಾಲು ನೂರರಷ್ಟು ನೀರನ್ನು ಹೀರಿಕೊಳ್ಳಬಲ್ಲುದು. ಪಾಲಿಯೆಸ್ಟರಿನಲ್ಲಿ ಈ ಪ್ರಮಾಣ ಅರ್ಧದಷ್ಟೂ ಇಲ್ಲ, ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ನೆಲ ಒರಸುವುದಕ್ಕೆ ಹತ್ತಿಯದೇ ಬೇಕು. ಪಾಲಿಯೆಸ್ಟರಿನದು ನುಣುಪಾದುದರಿಂದ ಗಂಟು ಜಾರುತ್ತದೆ. ಆದರೆ ಬೇಗ ಒಣಗುವುದರಿಂದ ಹಗ್ಗಕ್ಕೆ ಆದೀತು. ಕತ್ತಿನ ಬಳಿಯ ಅಥವಾ ಪಕ್ಕದ ಚೀಟಿಯನ್ನು ನೋಡಿ ಯಾವುದೆಂದು ತಿಳಿಯಬಹುದು. ಬಟ್ಟೆ ತೀರ ಸವೆದಿದ್ದರೆ ಒಂದು ಕುಣಿಕೆ ಹರಿದಾಗ ಅದರ ಸಾಲಿನ ಕುಣಿಕೆಗಳು ಏಣಿಯ ಮೆಟ್ಟಿಲುಗಳಂತೆ ಬಿಚ್ಚಿಕೊಳ್ಳುವ ಸಂಭವವುಂಟು. ಅಂತಹುದನ್ನು ಚೀಲಕ್ಕೆ ಬಳಸಬಾರದು.

ಇಷ್ಟೆಲ್ಲ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಹತ್ತಿಯ ಬೆಳೆಯಿಂದ ಮೊದಲ್ಗೊಂಡು ಒಂದು ಟೀ-ಷರಟಿಗೆ ಸುಮಾರು 2,700 ಲೀಟರು ನೀರು ವ್ಯಯವಾಗುತ್ತದೆಂಬ ಅಂದಾಜು ಪ್ರಚಲಿತವಾಗಿದೆ. ಹಳೆಯ ಬಟ್ಟೆಯನ್ನು ಯಂತ್ರದಲ್ಲಿ ಚಿಂದಿಮಾಡಿ ಮತ್ತೆ ನೂಲು ತೆಗೆಯುವುದುಂಟು. ಆದರೆ ಹರಿಯುವಾಗ ನಾರುಗಳು ತುಂಡಾಗಿ ಗಿಡ್ಡವಾಗುತ್ತವೆ. ಗಿಡ್ಡ ನಾರಿನ ನೂಲು ದುರ್ಬಲ. ಕತ್ತರಿಯ ಕೆಲಸದಲ್ಲಿ ಬಹುಪಾಲು ನಾರುಗಳಿಗೆ ಹಾನಿಯಿಲ್ಲ, ಕುಣಿಕೆಗಳೂ ಹಾಗೆಯೇ ಉಳಿಯುತ್ತವೆ.

ಹಾಗೆಂದು ಕತ್ತರಿಸಿದ ಮಾತ್ರಕ್ಕೆ ಉಳಿತಾಯವಾಗದು. ಮಾಡಿದ ಚೀಲ ಗೂಟದಲ್ಲಿ ತೂಗುತ್ತ, ನಾವು ಅಂಗಡಿಯಲ್ಲಿ ಹೊಸ ಚೀಲವನ್ನೇ ಕೊಳ್ಳುತ್ತಿದ್ದರೆ ಪ್ರಯೋಜನವೇನು? ಹೊಸದೊಂದನ್ನು ಕೊಳ್ಳುವ ಅಗತ್ಯವನ್ನು ತಪ್ಪಿಸಿದಾಗಲೇ ಹಳೆಯ ಬಟ್ಟೆಯ ಮರುಬಳಕೆ ಸಾರ್ಥಕ. ತೊಡಲು ಯೋಗ್ಯವಾಗಿರುವ ಟೀ-ಷರಟನ್ನು ತೊಡುವುದು ಮೊದಲ ಮಾರ್ಗ. ಬೇಡವಾದರೆ ಬೇಕಾದವರಿಗೆ ಕೊಡುವುದು ಎರಡನೆಯದು. ಈ ಎರಡೂ ಮುಗಿದ ಮೇಲೆ ಕತ್ತರಿಯನ್ನು ಕೈಗೆತ್ತಿಕೊಳ್ಳೋಣ.