ಒಂದೇ ವರ್ಷದ ಆಯುಷ್ಯ, ಲಕ್ಷಗಟ್ಟಲೆ ಟನ್ ಏರಿಳಿತ

ಜಪಾನಿನ ಮೀನುಗಾರರು 1968ರಲ್ಲಿ ಸುಮಾರು 6 ಲಕ್ಷ 68 ಸಾವಿರ ಟನ್ ‘ಸುರುಮೆ ಇಕಾ’ ಹಿಡಿದಿದ್ದರು. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್‌ನ ಬಳಗಕ್ಕೆ ಸೇರಿದ ಜೀವಿ ಅದು. ಎಂಬತ್ತರ ದಶಕದಲ್ಲಿ ಆ ಇಳುವರಿ ನೆಲಕಚ್ಚಿತು. ತೊಂಬತ್ತರ ದಶಕದಲ್ಲಿ ಮತ್ತೆ 4 ಲಕ್ಷ ಟನ್ ದಾಟಿತು. 2023ರಲ್ಲಿ 30 ಸಾವಿರ ಟನ್ನೂ ಸಿಗಲಿಲ್ಲ.

ವ್ಯಾಪಾರಕ್ಕೆಂದು ಹಿಡಿಯುವ ಹೆಚ್ಚಿನ ಸ್ಕ್ವಿಡ್‌ಗಳು ಬದುಕುವುದು ಹೆಚ್ಚೂಕಡಿಮೆ ಒಂದು ವರ್ಷ. ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಅಂಜಲ್‌ನಂಥ ಮೀನಾದರೆ ಒಂದು ವರ್ಷ ಮರಿ ಕಡಿಮೆಯಾದರೂ ಹಿಂದಿನ ವರ್ಷಗಳ ಮೀನು ಕಡಲಲ್ಲಿ ಉಳಿದಿರುತ್ತದೆ. ಸ್ಕ್ವಿಡ್‌ಗೆ ಆ ಆಸರೆಯಿಲ್ಲ. ಸುರುಮೆ ಇಕಾದ ಮರಿಗಳು ಚೆನ್ನಾಗಿ ಬದುಕುಳಿಯಲು ನೀರು ಸುಮಾರು 19ರಿಂದ 23 ಡಿಗ್ರಿ ಇರಬೇಕು. ಮೊಟ್ಟೆಯಿಡುವ ಜಾಗದಲ್ಲಿ ಈ ಹದ ತಪ್ಪಿದರೆ ಮುಂದಿನ ಹಂಗಾಮೇ ಬರಿದಾಗುತ್ತದೆ.

ಇದನ್ನು ಹಿಡಿಯುವುದು ರಾತ್ರಿ. ಹಡಗಿನ ಮೇಲೆ ಸಾಲಾಗಿ ತೂಗುಬಿಟ್ಟ ದೊಡ್ಡ ಬಲ್ಬುಗಳ ಬೆಳಕಿಗೆ ಸಣ್ಣ ಜೀವಿಗಳು ಮುತ್ತುತ್ತವೆ. ಸ್ಕ್ವಿಡ್ ಹಡಗಿನ ನೆರಳಿನ ಕತ್ತಲಲ್ಲಿ ಹೊಂಚುಹಾಕಿ, ಬೆಳಕಿನಂಚಿಗೆ ಚಿಮ್ಮುತ್ತದೆ. ಯಂತ್ರದ ರಾಟೆ ತಿರುಗಿದಂತೆ ಬಣ್ಣದ ಹುಸಿಗಾಳಗಳು ಮೇಲೆ ಕೆಳಗೆ ಕುಣಿಯುತ್ತವೆ. ತಬ್ಬಿಕೊಂಡದ್ದು ಮುಳ್ಳಿಗೆ ಸಿಕ್ಕಿ, ನೀರು, ಮಸಿ ಚಿಮ್ಮಿಸುತ್ತ ಮೇಲೆ ಬರುತ್ತದೆ. ಈ ಹಡಗುಗಳ ಬೆಳಕು ಉಪಗ್ರಹಗಳಿಗೂ ಕಾಣುತ್ತದೆ. (ಭಾರತದ ಕಡಲಿನಲ್ಲಿ ಬೆಳಕು ಮೀನುಗಾರಿಕೆಗೆ 2017ರಿಂದ ನಿಷೇಧವಿದೆ.)

ಅರ್ಜೆಂಟೀನಾದ ಆಚೆಗಿನ ಅಟ್ಲಾಂಟಿಕ್‌ನಲ್ಲಿ ಇಂಥ ದೀಪಗಳು ದೊಡ್ಡ ಊರಿನಂತೆ ಹರಡಿರುತ್ತವೆ. ಅಲ್ಲಿನ ಇಲೆಕ್ಸ್ ಸ್ಕ್ವಿಡ್ 2015ರಲ್ಲಿ ಸುಮಾರು 10 ಲಕ್ಷ ಟನ್ ಸಿಕ್ಕಿತ್ತು, ಮರುವರ್ಷ 2 ಲಕ್ಷಕ್ಕಿಂತ ಕೆಳಗಿಳಿಯಿತು. ಮೊಟ್ಟೆಯಿಡಲು ಶೇ. 40ರಷ್ಟಾದರೂ ಉಳಿಯಲಿ ಎಂದು ಅರ್ಜೆಂಟೀನಾ ಹಂಗಾಮನ್ನು ಬೇಗನೆ ಮುಗಿಸುವುದುಂಟು. ಒಳ್ಳೆಯ ನಿಯಮವೇ. ಆದರೆ ಸ್ಕ್ವಿಡ್ ದೇಶದ ಹಕ್ಕು ಮುಗಿಯುವ 200 ನಾಟಿಕಲ್ ಮೈಲಿಯ ಗೆರೆ ದಾಟಿದರೆ ಅದಕ್ಕೆ ಕಾವಲಿಲ್ಲ. ಅಲ್ಲಿ ಚೀನಾ, ತೈವಾನ್, ಕೊರಿಯಾ, ಸ್ಪೇನ್‌ನ ಹಡಗುಗಳು ಕಾದಿರುತ್ತವೆ.

ಪೆಸಿಫಿಕ್‌ನಲ್ಲಿ ಪೆರುವಿನ ಜನ ‘ಪೋತಾ’ ಎನ್ನುವ ದೈತ್ಯ ಸ್ಕ್ವಿಡ್ ಸಿಗುತ್ತದೆ. ಪೈತಾ ಬಂದರಿನ ಸಣ್ಣ ದೋಣಿಗಳಿಗೆ ಅದೇ ಅನ್ನ. ದೂರದ ಹಡಗುಗಳು ಗೆರೆಯಾಚೆ ಬಾಚುವುದೂ ಅದೇ ಸಂತತಿಯನ್ನು. ಅಲ್ಲಿ ಕನಿಷ್ಠ ದಕ್ಷಿಣ ಪೆಸಿಫಿಕ್‌ನ ಪ್ರಾದೇಶಿಕ ಮೀನುಗಾರಿಕಾ ಸಂಸ್ಥೆಯೊಂದಿದೆ, ಹಡಗುಗಳ ಲೆಕ್ಕ ಕೇಳುತ್ತದೆ. ನೈರುತ್ಯ ಅಟ್ಲಾಂಟಿಕ್‌ನ ಸ್ಕ್ವಿಡ್‌ಗೆ ಅಂಥದ್ದೂ ಇಲ್ಲ. 2020ರಿಂದ ಚೀನಾ ತಾನಾಗಿಯೇ ಎರಡೂ ಕಡೆ ಕೆಲವು ವಲಯಗಳಲ್ಲಿ ಮೂರು ತಿಂಗಳು ಬಲೆ, ಗಾಳ ನಿಲ್ಲಿಸುತ್ತಿದೆ. ಉಳಿದ ದೇಶಗಳ ಹಡಗುಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲ.