ಹಾವಿನ ಬಿಡಾರವೂ ಆಹಾರವೂ

ನಾಯಿಮರಿಯನ್ನೋ ಬೆಕ್ಕಿನಮರಿಯನ್ನೋ ಮನೆಗೆ ತಂದವರು ಮೊದಲು ಮಾಡುವ ಕೆಲಸವೆಂದರೆ ಅದರ ಮುಂದೆ ಒಂದು ಬಟ್ಟಲು ಹಾಲನ್ನಿಡುವುದು. ಹಸಿದ ಜೀವಕ್ಕೆ ಆಹಾರವಿಕ್ಕಿದರೆ ಅದು ಮನೆಗೆ ಹೊಂದಿಕೊಳ್ಳುತ್ತದೆಂಬುದು ನಮ್ಮೆಲ್ಲರ ಅನುಭವ. ಹಾವಿನ ವಿಷಯದಲ್ಲಿ ಈ ಅನುಭವ ತಲೆಕೆಳಗಾಗುತ್ತದೆ. ಹೊಸ ಸ್ಥಳಕ್ಕೆ ಬಂದ ಹಾವು ಎಷ್ಟೋ ದಿನ ಏನನ್ನೂ ಮುಟ್ಟದೆ ಇರುವುದುಂಟು. ಬಲವಂತದಿಂದ ತಿನ್ನಿಸಿದರೆ ತಿಂದುದನ್ನು ಕಕ್ಕಿ ನಿತ್ರಾಣಗೊಳ್ಳುವುದೂ ಉಂಟು. ಅದಕ್ಕೆ ಮೊದಲು ಬೇಕಾದುದು ತಕ್ಕ ಬಿಡಾರ. ಆಹಾರದ ಮಾತು ಅನಂತರದ್ದು. ಇದರ ಕಾರಣವನ್ನು ತಿಳಿಯಬೇಕಾದರೆ ಪ್ರಾಣಿಶಾಸ್ತ್ರದ ಜೊತೆಗೆ ಕೊಂಚ ಭೌತಶಾಸ್ತ್ರವೂ ಬೇಕಾಗುತ್ತದೆ.

ಹುತ್ತದ ಗುಣ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹೊಲದ ಬದುಗಳ ಮೇಲೂ ಮಾವಿನ ತೋಪುಗಳಲ್ಲಿಯೂ ಹುತ್ತಗಳನ್ನು ನೋಡದವರಿಲ್ಲ. ಹುತ್ತವನ್ನು ಕಟ್ಟುವುದು ಗೆದ್ದಲು. ಹಾವು ಅದರಲ್ಲಿ ಬಾಡಿಗೆಯಿಲ್ಲದ ನಿವಾಸಿ. ತಾನು ಕಟ್ಟದ ಮನೆಯನ್ನು ಅದು ಏಕೆ ಆರಿಸಿಕೊಳ್ಳುತ್ತದೆ?

ಈ ಸೀಮೆ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಬೇಸಿಗೆಯ ಹಗಲಿನಲ್ಲಿ ಉಷ್ಣತೆ 35 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಏರುತ್ತದೆ; ಮಾಗಿಯ ರಾತ್ರಿಗಳಲ್ಲಿ 15ರ ಸುಮಾರಿಗೆ ಇಳಿಯುತ್ತದೆ. ಬಿಸಿಲಿಗೆ ಬಿದ್ದ ಬರಿನೆಲದ ಏರಿಳಿತ ಇದಕ್ಕಿಂತಲೂ ಹೆಚ್ಚು. ಆದರೆ ಮಣ್ಣು ಉಷ್ಣವನ್ನು ಬಹು ನಿಧಾನವಾಗಿ ಸಾಗಿಸುವ ವಸ್ತು. ಹಗಲಿನ ಶಾಖ ಕೆಳಗಿಳಿಯುವಷ್ಟರಲ್ಲಿ ರಾತ್ರಿಯಾಗಿ, ನೆಲ ತಣಿಯಲಾರಂಭಿಸುತ್ತದೆ. ಗಣಿತದಿಂದ ಲೆಕ್ಕ ಹಾಕಿದರೆ, ಸಾಧಾರಣ ಮಣ್ಣಿನಲ್ಲಿ ಸುಮಾರು 12 ಸೆಂಟಿಮೀಟರ್ ಆಳಕ್ಕೊಮ್ಮೆ ದೈನಂದಿನ ಏರಿಳಿತವು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಉಳಿಯುತ್ತದೆ. ಮೇಲ್ಮೈಯಲ್ಲಿ ಹಗಲಿಗೂ ರಾತ್ರಿಗೂ 30 ಡಿಗ್ರಿಯ ಅಂತರವಿದ್ದರೆ 12 ಸೆಂಟಿಮೀಟರ್ ಕೆಳಗೆ ಅದು 11 ಡಿಗ್ರಿಯಾಗುತ್ತದೆ. 36 ಸೆಂಟಿಮೀಟರ್ ಕೆಳಗೆ ಒಂದೂವರೆ ಡಿಗ್ರಿ ಮಾತ್ರ. ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದಾಗಲೂ ಮಣ್ಣಿನ ಈ ಗುಣವೇ ಅವರಿಗೆ ನೆರವಾಗುತ್ತಿತ್ತು.

ಹುತ್ತದ ಒಳಗು ಹೀಗೆ ಸಮೋಷ್ಣವಾಗಿರುತ್ತದೆ. ಕತ್ತಲು, ಗಾಳಿಯಲ್ಲಿ ತೇವ, ಮೈಗೆ ತಾಗುವಂಥ ಇಕ್ಕಟ್ಟು, ಇವೂ ಅಲ್ಲಿ ದೊರೆಯುತ್ತವೆ. ಹಾವಿಗೆ ಬೇಕಾದ ಬಿಡಾರದ ಲಕ್ಷಣಗಳೆಲ್ಲ ಇಷ್ಟೇ.

ಒಂದು ಇಲಿಯ ಲೆಕ್ಕ

ನಮ್ಮ ದೇಹವು ತಿಂದ ಆಹಾರದ ಬಹುಭಾಗವನ್ನು ಮೈಯನ್ನು 37 ಡಿಗ್ರಿಯಲ್ಲಿ ಕಾಯ್ದುಕೊಳ್ಳುವುದಕ್ಕೇ ವೆಚ್ಚ ಮಾಡುತ್ತದೆ. ಹಾವಿಗೆ ಈ ವೆಚ್ಚವಿಲ್ಲ. ಅದು ಬೇಕಾದ ಶಾಖವನ್ನು ಬಿಸಿಲಿನಿಂದಲೂ ಬಂಡೆಯಿಂದಲೂ ಎರವಲಾಗಿ ಪಡೆಯುತ್ತದೆ. ‘ಶೀತರಕ್ತ ಪ್ರಾಣಿ’ ಎಂಬ ಹೆಸರು ರೂಢಿಯಲ್ಲಿದ್ದರೂ ಬಿಸಿಲು ಕಾಯಿಸಿದ ಹಾವಿನ ರಕ್ತವು ತಣ್ಣಗೇನೂ ಇರುವುದಿಲ್ಲ.

ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ಪ್ರಕಟಿಸಿದ ನಿಯಮದಂತೆ, ಒಂದು ಕಿಲೊಗ್ರಾಂ ತೂಕದ ಸಸ್ತನಿಯು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 70 ಕಿಲೊಕ್ಯಾಲರಿ ಶಕ್ತಿಯನ್ನು ವ್ಯಯಿಸುತ್ತದೆ. ಅಷ್ಟೇ ತೂಕದ ಹಾವಿಗೆ, ಓಡಾಟವನ್ನೂ ಸೇರಿಸಿ, 10 ಕಿಲೊಕ್ಯಾಲರಿ ಎಂದಿಟ್ಟುಕೊಂಡರೆ ಅದು ಉದಾರವಾದ ಲೆಕ್ಕವೇ. ಒಂದು ಹದವಾದ ಇಲಿಯಿಂದ ಹಾವಿನ ಮೈಗೆ ದಕ್ಕುವುದು 200 ಕಿಲೊಕ್ಯಾಲರಿ ಎಂದುಕೊಳ್ಳೋಣ. ಆ ಸಸ್ತನಿಗೆ ಮೂರು ದಿನಕ್ಕೂ ಸಾಲದ ಈ ಊಟ ಹಾವಿಗೆ ಇಪ್ಪತ್ತು ದಿನ ಸಾಕಾಗುತ್ತದೆ. ಹೊಸ ಹಾವು ಒಂದು ವಾರ ತಿನ್ನಲಿಲ್ಲವೆಂದು ಗಾಬರಿಪಡುವುದು ಎಷ್ಟು ನಿರಾಧಾರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಮಿತವ್ಯಯಕ್ಕೆ ಒಂದು ಬೆಲೆಯೂ ಉಂಟು. ಜೀರ್ಣಕ್ರಿಯೆಯು ರಾಸಾಯನಿಕ ಕ್ರಿಯೆ. ಉಷ್ಣತೆ 10 ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿಯುತ್ತದೆ. 30 ಡಿಗ್ರಿಯಲ್ಲಿ ಕೆಲವು ದಿನಗಳಲ್ಲಿ ಕರಗುವ ಇಲಿ 20 ಡಿಗ್ರಿಯಲ್ಲಿ ವಾರ ಮೀರಿದರೂ ಜಠರದಲ್ಲೇ ಉಳಿದೀತು. ಇನ್ನೂ ಚಳಿಯಾದರೆ ಅದು ಕರಗುವ ಮೊದಲೇ ಕೊಳೆಯಲಾರಂಭಿಸಿ, ಹಾವು ಅದನ್ನು ಕಕ್ಕುತ್ತದೆ. ತಣ್ಣಗಿರುವ ಹಾವು ಊಟವನ್ನು ನಿರಾಕರಿಸುವುದು ಹಟದಿಂದಲ್ಲ. ಒಲೆ ಹೊತ್ತದೆ ಅಡಿಗೆಗೆ ಇಡಲಾಗದು, ಅಷ್ಟೇ.

ಬಿಡಾರ ಮಾಡುವ ಬಗೆ

ಮೃಗಾಲಯಗಳಲ್ಲಿಯೂ ಅನುಭವಿಗಳಾದ ಪಾಲಕರಲ್ಲಿಯೂ ಅನುಸರಿಸುವ ಕ್ರಮವು ಹುತ್ತದ ಅನುಕರಣೆಯೇ ಆಗಿದೆ. ಭದ್ರವಾದ ಮುಚ್ಚಳವೂ ಗಾಳಿಯಾಡಲು ರಂಧ್ರಗಳೂ ಇರುವ ಪೆಟ್ಟಿಗೆಯ ಒಂದು ತುದಿಯನ್ನು ಮಾತ್ರ ಬೆಚ್ಚಗೆ ಮಾಡುತ್ತಾರೆ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವಿಗೆ ಈ ತುದಿ 32 ಡಿಗ್ರಿಯ ಸುಮಾರಿಗೂ ಇನ್ನೊಂದು ತುದಿ 26ರ ಸುಮಾರಿಗೂ ಇರಬೇಕು. ಹಾವು ತನಗೆ ಬೇಕಾದ ಉಷ್ಣತೆಯನ್ನು ತಾನೇ ಹರಿದಾಡಿ ಆರಿಸಿಕೊಳ್ಳುತ್ತದೆ. ಎರಡು ತುದಿಗಳಲ್ಲಿಯೂ ಒಂದೊಂದು ಅಡಗುದಾಣ ಬೇಕು; ಒಂದೇ ಇದ್ದರೆ ಅದು ಮರೆಗಾಗಿ ಶಾಖವನ್ನೋ ಶಾಖಕ್ಕಾಗಿ ಮರೆಯನ್ನೋ ಬಿಡಬೇಕಾಗುತ್ತದೆ. ಶುದ್ಧವಾದ ನೀರಿನ ಬೋಗುಣಿ ಸದಾ ಇರಬೇಕು.

ನಮ್ಮ ನೆರೆಯಲ್ಲೇ ಇದಕ್ಕೊಂದು ಉತ್ತಮ ನಿದರ್ಶನವುಂಟು. ಚೆನ್ನೈಗೆ ಸಮೀಪದ ವಡನೆಮ್ಮೇಲಿಯಲ್ಲಿ 1978ರಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘವು ಸರ್ಕಾರದ ಪರವಾನಗಿಯೊಡನೆ ಹಾವುಗಳಿಂದ ವಿಷವನ್ನು ಸಂಗ್ರಹಿಸಿ ಔಷಧ ತಯಾರಕರಿಗೆ ಒದಗಿಸುತ್ತದೆ. ಅವರು ಹಾವುಗಳನ್ನು ಬಟ್ಟೆಯಿಂದ ಬಾಯಿ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟುಕೊಂಡು, ಬಳಿಕ ಬಯಲಿಗೆ ಬಿಡುತ್ತಾರೆ. ಮಡಕೆಯೂ ಒಂದು ಕಿರುಹುತ್ತವೇ ಅಲ್ಲವೆ? ಅಲ್ಲಿಯೂ ಕತ್ತಲು, ಮಣ್ಣು, ಇಕ್ಕಟ್ಟು ಇವೆ.

ಮೊದಲ ಊಟ

ಹೊಸ ಹಾವನ್ನು ಒಂದು ವಾರ ಮುಟ್ಟದೆ, ಎತ್ತಿ ಆಡಿಸದೆ ಬಿಡಬೇಕು. ಆಮೇಲೆ ಹೊತ್ತು ಮುಳುಗಿದ ಬಳಿಕ ಆಹಾರವನ್ನು ಇಡಬೇಕು. ಸಾಕಿದ ಇಲಿಯನ್ನು ಕೊಂದೇ ಕೊಡುವುದು ವಾಡಿಕೆ. ಹಸಿವಿಲ್ಲದ ಹಾವಿನೊಡನೆ ಜೀವಂತ ಇಲಿಯನ್ನು ಬಿಟ್ಟರೆ ಇಲಿಯೇ ಹಾವನ್ನು ಕಚ್ಚಿ ಗಾಯಗೊಳಿಸೀತು. ಹೊಲದ ಇಲಿ ಸಲ್ಲದು, ಅದರ ಹೊಟ್ಟೆಯಲ್ಲಿ ಇಲಿಪಾಷಾಣವಿರಬಹುದು. ಇಲಿಯ ದಪ್ಪವು ಹಾವಿನ ನಡುವಿನ ದಪ್ಪವನ್ನು ಹೆಚ್ಚು ಮೀರಬಾರದು.

ಶೀತದಲ್ಲಿರಿಸಿದ ಇಲಿಯನ್ನು ಬೆಚ್ಚಗೆ ಮಾಡಿ ಕೊಡಬೇಕೆಂಬ ನಿಯಮದಲ್ಲಿ ಒಂದು ಸ್ವಾರಸ್ಯವಿದೆ. ಹೆಬ್ಬಾವುಗಳಲ್ಲಿ ಬಹುಪಾಲಿನವುಗಳ ತುಟಿಯಂಚಿನಲ್ಲಿ ಸಣ್ಣ ಕುಳಿಗಳಿರುತ್ತವೆ. 37 ಡಿಗ್ರಿಯ, ಎಂದರೆ 310 ಕೆಲ್ವಿನ್ ಉಷ್ಣತೆಯ ವಸ್ತುವು ಹೊರಸೂಸುವ ಅವಕೆಂಪು ವಿಕಿರಣವು, ವೀನ್ ನಿಯಮದಂತೆ, 9.3 ಮೈಕ್ರಾನಿನ ಆಸುಪಾಸಿನಲ್ಲಿ ಅತ್ಯಂತ ಪ್ರಬಲವಾಗಿರುತ್ತದೆ. ಕಣ್ಣಿಗೆ ಕಾಣದ ಈ ವಿಕಿರಣದಿಂದ ಕುಳಿಯ ತೆಳುಪೊರೆ ಕಿಂಚಿತ್ತು ಬಿಸಿಯಾದರೂ ಹಾವಿಗೆ ತಿಳಿಯುತ್ತದೆ. ಬೆಚ್ಚಗಿನ ಇಲಿ ಅದಕ್ಕೆ ಕತ್ತಲಲ್ಲಿ ಹಚ್ಚಿಟ್ಟ ದೀಪವಿದ್ದಂತೆ; ತಣ್ಣಗಿನ ಇಲಿ ಒಂದು ಕಲ್ಲಿನಂತೆ. ನಾಗರಹಾವಿಗೂ ಕೇರೆಗೂ ಈ ಕುಳಿಗಳಿಲ್ಲ. ಅವು ನಾಲಗೆಯಿಂದ ವಾಸನೆಯ ಕಣಗಳನ್ನು ಒಯ್ದು ಬಾಯಂಗಳದ ವಿಶೇಷ ಇಂದ್ರಿಯಕ್ಕೆ ಒಪ್ಪಿಸಿ ಬೇಟೆಯನ್ನು ಗುರುತಿಸುತ್ತವೆ.

ಇಟ್ಟುದನ್ನು ಹಾವು ಮುಟ್ಟದಿದ್ದರೆ ತೆಗೆದುಹಾಕಿ ಮತ್ತೊಂದು ವಾರ ಕಾಯಬೇಕು. ಕಣ್ಣುಗಳು ಹಾಲುಗಟ್ಟಿದಂತೆ ಮಸುಕಾಗಿದ್ದರೆ ಪೊರೆ ಕಳಚುವ ಕಾಲ ಸಮೀಪಿಸಿದೆ. ಆಗ ಅನೇಕ ಹಾವುಗಳು ತಿನ್ನುವುದಿಲ್ಲ. ತಿಂದ ಮೇಲೆ ಎರಡು ದಿನವಾದರೂ ಅದನ್ನು ಎತ್ತಬಾರದು. ನಿರಾಕರಣೆಗಿಂತ ತೂಕವನ್ನು ಗಮನಿಸುವುದೇ ಸರಿಯಾದ ಪರೀಕ್ಷೆ: ತೂಕ ಇಳಿಯುತ್ತ ಹೋದರೆ ಮಾತ್ರ ಪಶುವೈದ್ಯರನ್ನು ಕಾಣಬೇಕು.

ಹಾಲಿನ ಮಾತು

ಹಾವಿಗೆ ಹಾಲೆರೆಯುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದು. ಕಲ್ಲನಾಗರಕ್ಕೆ ಹಾಲೆರೆದರೆ ಯಾವ ಜೀವಕ್ಕೂ ಹಾನಿಯಿಲ್ಲ. ಜೀವಂತ ಹಾವಿನ ಮಾತು ಬೇರೆ. ಹಾಲು ಸಸ್ತನಿಗಳು ತಮ್ಮ ಮರಿಗಳಿಗಾಗಿ ಉತ್ಪಾದಿಸುವ ಆಹಾರ. ಸರೀಸೃಪದ ಜಠರಕ್ಕೆ ಅದು ಒಗ್ಗುವುದಿಲ್ಲ. ಪಂಚಮಿಯ ದಿನ ಬುಟ್ಟಿಯ ಹಾವು ಹಾಲು ಕುಡಿದುದನ್ನು ಕಂಡವರಿದ್ದಾರೆ. ಅದರ ಕಾರಣ ಭಕ್ತಿಯೂ ಅಲ್ಲ, ರುಚಿಯೂ ಅಲ್ಲ, ಬಾಯಾರಿಕೆ. ಎಷ್ಟೋ ದಿನ ನೀರಿಲ್ಲದೆ ಬುಟ್ಟಿಯಲ್ಲಿ ಒಣಗಿದ ಹಾವು ಎದುರಿಗೆ ಬಂದ ಯಾವ ದ್ರವವನ್ನಾದರೂ ಹೀರುತ್ತದೆ. ಆ ಹಾಲು ಶ್ವಾಸಕೋಶಕ್ಕೆ ಇಳಿದು ಸೋಂಕು ತಗಲಿ ಸಾಯುವ ಹಾವುಗಳುಂಟು. ಪುಣ್ಯಕ್ಕಾಗಿ ಎರೆದ ಹಾಲು ಹೀಗೆ ಪ್ರಾಣಕ್ಕೆ ಎರವಾಗುತ್ತದೆ.

ಸಾಕಬಹುದೆ?

ಈ ಲೇಖನವನ್ನು ಓದಿದ ಉತ್ಸಾಹದಲ್ಲಿ ಯಾವ ವಿದ್ಯಾರ್ಥಿಯೂ ಹೊಲದಿಂದ ಹಾವನ್ನು ಹಿಡಿದು ತರಬಾರದು. ನಾಗರ, ಕೇರೆ, ಮಂಡಲ, ಹೆಬ್ಬಾವು ಮುಂತಾದ ನಮ್ಮ ನಾಡಿನ ಹಾವುಗಳನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬಾಲ್ ಪೈಥಾನಿನಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಪ್ರಾಣಿಗಳನ್ನು ಸಾಕುವವರು ಅವನ್ನು ನೋಂದಾಯಿಸಬೇಕೆಂದು ಇದೇ ಕಾಯಿದೆಯ 2022ರ ತಿದ್ದುಪಡಿ ವಿಧಿಸಿದೆ. ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಎರಡು ತಲೆಯ ಹಾವೆಂದು ಮಾರುವ ಪ್ರಾಣಿಯು ಮೊಂಡು ಬಾಲದ, ವಿಷವಿಲ್ಲದ ಒಂದು ಮಣ್ಣುಹಾವು. ಅದಕ್ಕಿರುವುದು ಒಂದೇ ತಲೆ. ಅದನ್ನು ಕೊಳ್ಳುವುದೂ ಮಾರುವುದೂ ಅಪರಾಧವೇ.

ಮನೆಗೆ ಹಾವು ಹೊಕ್ಕರೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಕಚ್ಚಿದರೆ ಮಂತ್ರ, ಮದ್ದು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ರಾಗಿಯ ಹೊಲವಿರುವಲ್ಲಿ ಇಲಿಯಿರುತ್ತದೆ. ಇಲಿಯಿರುವಲ್ಲಿ ಹಾವು ಬರುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಸೂರ್ಯನೂ ಮರೆಯನ್ನು ಗೆದ್ದಲೂ ಊಟವನ್ನು ಇಲಿಯೂ ಒದಗಿಸುತ್ತಿವೆ. ಬದುವಿನ ಹುತ್ತವನ್ನು ಅಗೆದು ಕೆಡವದೆ ಬಿಟ್ಟ ರೈತನು, ಒಂದು ಹನಿ ಹಾಲನ್ನೂ ಎರೆಯದೆ, ಹಾವನ್ನು ಸರಿಯಾದ ರೀತಿಯಲ್ಲಿ ಸಾಕಿದಂತಾಯಿತು.