ಚಿತ್ರದಲ್ಲಿರುವ ವಿಮಾನ ಯಾವುದು?

ಮಕ್ಕಳೇ, ಬಲು ಎತ್ತರದಲ್ಲಿ ಒಂದು ಹಕ್ಕಿ ಸುತ್ತು ಹಾಕುತ್ತಿದೆ ಎಂದುಕೊಳ್ಳಿ. ಅದರ ಬಣ್ಣ ಕಾಣಿಸದು, ಕೊಕ್ಕೂ ಕಾಣಿಸದು. ಆದರೂ ಹೊಲದಲ್ಲಿರುವ ಅಜ್ಜ ತಲೆಯೆತ್ತಿ ನೋಡಿ "ಅದು ಹದ್ದು, ಗರುಡ ಅಲ್ಲ" ಎಂದುಬಿಡುತ್ತಾರೆ. ಹೇಗೆ? ಅವರು ನೋಡಿದ್ದು ಬಾಲವನ್ನು. ಹದ್ದಿನ ಬಾಲದ ತುದಿ ಕವಲೊಡೆದಂತೆ ಇರುತ್ತದೆ. ಗರುಡನ ಬಾಲದ ತುದಿ ದುಂಡಗಿರುತ್ತದೆ.

ವಿಮಾನಗಳನ್ನೂ ಹೀಗೆಯೇ ಆಕಾರದಿಂದ ಗುರುತಿಸುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಹಳೆಯ ಆಲ್ಬಂನಲ್ಲಿ ಹೆಸರಿಲ್ಲದ ಒಂದು ಚಿತ್ರ ಸಿಕ್ಕರೆ ಸಾಕು, ಅದು ಯಾವ ವಿಮಾನ, ಯಾರು ತಯಾರಿಸಿದ್ದು, ಯಾವ ಊರಿನಲ್ಲಿ ನಿಂತಿತ್ತು ಎಂದು ಹುಡುಕಲು ತೊಡಗುತ್ತಾರೆ. ನೂರಾರು ಜನರನ್ನು ಒಯ್ಯುವ ದೊಡ್ಡ ವಿಮಾನಗಳನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ, ಅವುಗಳಲ್ಲಿ ಬಗೆಗಳೇ ಕಡಿಮೆ. ಕಷ್ಟವಿರುವುದು ಹಗುರ ವಿಮಾನಗಳಲ್ಲಿ. ಒಬ್ಬಿಬ್ಬರು, ಹೆಚ್ಚೆಂದರೆ ಐದಾರು ಜನ ಕೂರುವ ಪುಟ್ಟ ವಿಮಾನಗಳು ಇವು. ಬೆಂಗಳೂರಿನ ಜಕ್ಕೂರಿನ ಸುತ್ತಮುತ್ತ ಇರುವವರು ಇಂಥವನ್ನು ನೋಡಿರುತ್ತಾರೆ.

ಹಗುರ ವಿಮಾನಗಳಲ್ಲಿ ಸಾವಿರಾರು ಬಗೆಗಳಿವೆ. ಅಮೆರಿಕದ ಸೆಸ್ನಾ 172 ಎಂಬ ವಿಮಾನವನ್ನು 40,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲಾಗಿದೆ. ಆದರೆ ಕೆಲವು ವಿಮಾನಗಳನ್ನು ಒಂದೋ ಎರಡೋ ಮಾತ್ರ ಕಟ್ಟಿದ್ದಾರೆ. ಇನ್ನು ಕೆಲವನ್ನು ನಕ್ಷೆ ಕೊಂಡು ತಂದು ಮನೆಯ ಗ್ಯಾರೇಜಿನಲ್ಲೇ ಕಟ್ಟುತ್ತಾರೆ! ಒಂದೇ ನಕ್ಷೆಯಿಂದ ಕಟ್ಟಿದ ಎರಡು ವಿಮಾನಗಳೂ ಒಂದೇ ತರಹ ಇರಬೇಕೆಂದಿಲ್ಲ. ಒಬ್ಬರು ಬೇರೆ ಎಂಜಿನ್ ಕೂರಿಸುತ್ತಾರೆ, ಇನ್ನೊಬ್ಬರು ಚಕ್ರ ಬದಲಿಸುತ್ತಾರೆ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಮೊದಲು ರೆಕ್ಕೆ. ಅದು ಒಡಲಿನ ಮೇಲಿದೆಯೋ ಕೆಳಗಿದೆಯೋ? ರೆಕ್ಕೆಗೆ ಆಸರೆಯಾಗಿ ಓರೆ ಕಂಬಿಗಳಿವೆಯೇ? ಆಮೇಲೆ ಎಂಜಿನ್, ಒಡಲು, ಬಾಲ, ಚಕ್ರ. ಒಂದು ಉದಾಹರಣೆಯನ್ನು ನೋಡೋಣ. ನಿಮ್ಮ ಕೈಗೆ ಒಂದು ಕಪ್ಪು ಬಿಳುಪು ಚಿತ್ರ ಬಂದಿದೆ. ರೆಕ್ಕೆ ಮೇಲಿದೆ. ಒಂದೊಂದು ಬದಿಗೂ ಎರಡೆರಡು ಕಂಬಿಗಳು ಕವಣೆಯ ಕವಲಿನಂತೆ ಇವೆ. ಮೂಗು ಮೇಲಕ್ಕೆತ್ತಿದೆ, ಬಾಲದ ಕೆಳಗೆ ಒಂದು ಚಿಕ್ಕ ಚಕ್ರವಿದೆ. ಇದು ಸೆಸ್ನಾ 172 ಆಗಿರಲಾರದು. ಅದಕ್ಕೆ ಬದಿಗೊಂದೇ ಕಂಬಿ, ಚಿಕ್ಕ ಚಕ್ರ ಇರುವುದು ಮೂಗಿನ ಕೆಳಗೆ. ಹಾಗಾದರೆ ಅಮೆರಿಕದ ಪೈಪರ್ ಕಬ್ ಇರಬಹುದೇ? ಪ್ರಸಿದ್ಧವಾದ ಜೆ-3 ಮಾದರಿಯ ಕಬ್‌ನಲ್ಲಿ ಎಂಜಿನ್ನಿನ ಸಿಲಿಂಡರ್‌ಗಳು ಮೂಗಿನ ಎರಡೂ ಪಕ್ಕ ಹೊರಗೆ ಚಾಚಿಕೊಂಡಿರುತ್ತವೆ. ಅದರಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಕೂರುತ್ತಾರೆ. ನಮ್ಮ ಚಿತ್ರದಲ್ಲಿ ಸಿಲಿಂಡರ್ ಕಾಣುತ್ತಿಲ್ಲ, ಇಬ್ಬರ ತಲೆಗಳು ಅಕ್ಕಪಕ್ಕದಲ್ಲಿವೆ. ಹಾಗಾಗಿ ಕಬ್ ಕೂಡ ಅಲ್ಲ.

ಈಗ ಉಳಿದವುಗಳಲ್ಲಿ ಅಮೆರಿಕದ ಏರೋಂಕಾ ಚೀಫ್ ಒಂದು, ನಮ್ಮ ಪುಷ್ಪಕ್ ಇನ್ನೊಂದು. ಪುಷ್ಪಕ್ ವಿಮಾನವನ್ನು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ ತಯಾರಿಸಿತು. ಅದು ಮೊದಲು ಹಾರಿದ್ದು 1958ರಲ್ಲಿ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಬಹಳ ಮಂದಿ ಪುಷ್ಪಕ್‌ನಲ್ಲಿ ಕುಳಿತೇ ಹಾರಾಟ ಕಲಿತರು. ಇದೂ ಏರೋಂಕಾ ಚೀಫ್ ವಿಮಾನವೂ ಅಕ್ಕತಂಗಿಯರಷ್ಟು ಹೋಲುತ್ತವೆ. ಇಲ್ಲಿ ಬರೀ ಆಕಾರವನ್ನು ನಂಬಿದರೆ ಸಾಲದು. ಒಡಲಿನ ಮೇಲೆ ಬರೆದ ಅಕ್ಷರಗಳನ್ನು ಓದಬೇಕು. ಭಾರತದಲ್ಲಿ ನೋಂದಾಯಿಸಿದ ವಿಮಾನಕ್ಕೆ 'ವಿಟಿ' ಎಂದು ಆರಂಭವಾಗುವ ಅಕ್ಷರಗಳಿರುತ್ತವೆ. ಬ್ರಿಟನ್ನಿನದಕ್ಕೆ 'ಜಿ', ಅಮೆರಿಕದ್ದಕ್ಕೆ 'ಎನ್'. ಹಾಗೆಂದು 'ವಿಟಿ' ಕಂಡ ಕೂಡಲೇ ಪುಷ್ಪಕ್ ಎಂದು ಕುಣಿಯಬೇಡಿ! ಹೊರದೇಶದಿಂದ ತಂದು ಇಲ್ಲಿ ನೋಂದಾಯಿಸಿದ ವಿಮಾನಕ್ಕೂ 'ವಿಟಿ' ಅಕ್ಷರಗಳೇ ಬರುತ್ತವೆ. ಮುಂದಿನ ಮೂರು ಅಕ್ಷರಗಳೂ ಕಂಡರೆ ಮಾತ್ರ ನೋಂದಣಿ ಪುಸ್ತಕದಲ್ಲಿ ಆ ವಿಮಾನವನ್ನು ಹುಡುಕಬಹುದು.

ಕೆಲವು ವಿಮಾನಗಳು ಮಾತ್ರ ನೋಡಿದ ಕೂಡಲೇ ಗುರುತು ಹೇಳಿಬಿಡುತ್ತವೆ. ಅಮೆರಿಕದ ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್ ಈಜಿ ವಿಮಾನದಲ್ಲಿ ಎಲ್ಲವೂ ಹಿಂದುಮುಂದು. ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಎಂಜಿನ್ ಬೆನ್ನಿನಲ್ಲಿ. ನಿಲ್ಲಿಸಿದಾಗ ಮುಂದಿನ ಚಕ್ರವನ್ನು ಒಳಗೆಳೆದು ಮೂಗನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾರೆ, ಮಂಡಿಯೂರಿದ ಒಂಟೆಯ ಹಾಗೆ. ಇದನ್ನೇ ಆಧಾರವಾಗಿಟ್ಟುಕೊಂಡು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿದರು.

ಇದೆಲ್ಲ ಬಿಡುವಿನ ವೇಳೆಯ ಆಟ ಎನಿಸಬಹುದು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಹವ್ಯಾಸಕ್ಕೆ ಬಹು ದೊಡ್ಡ ಕೆಲಸ ಒದಗಿಬಂತು.

ಇಂಗ್ಲೆಂಡಿನ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಯುವತಿಗೆ ವಿಮಾನಗಳೆಂದರೆ ಪ್ರಾಣ. ಯುದ್ಧಕ್ಕೆ ಮೊದಲು ಆಕೆ ವಿಮಾನಗಳ ಬಗ್ಗೆ ಪತ್ರಿಕೆಗೆ ಲೇಖನ ಬರೆಯುತ್ತಿದ್ದರು. ಯುದ್ಧ ಬಂದಾಗ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿದರು. ಮೆಡ್‌ಮೆನ್‌ಹ್ಯಾಮ್ ಎಂಬಲ್ಲಿ ಶತ್ರುದೇಶದ ಮೇಲೆ ಬಹಳ ಎತ್ತರದಿಂದ ತೆಗೆದ ಚಿತ್ರಗಳನ್ನು ಪರೀಕ್ಷಿಸುವ ಕೇಂದ್ರವಿತ್ತು. ಅಲ್ಲಿ ವಿಮಾನಗಳನ್ನು ಗುರುತಿಸುವ ವಿಭಾಗಕ್ಕೆ ಆಕೆಯೇ ಮುಖ್ಯಸ್ಥೆ.

ಆ ಚಿತ್ರಗಳಲ್ಲಿ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೆ? ನೀವೇ ಲೆಕ್ಕ ಹಾಕಿ. ಚಿತ್ರದ 1 ಮಿಲಿಮೀಟರ್ ನೆಲದ ಮೇಲಿನ 10 ಮೀಟರ್‌ಗೆ ಸಮ ಎಂದಿಟ್ಟುಕೊಳ್ಳಿ. ಆಗ 6 ಮೀಟರ್ ಅಗಲದ ವಿಮಾನ ಚಿತ್ರದಲ್ಲಿ 0.6 ಮಿಲಿಮೀಟರ್. ಸಾಸಿವೆ ಕಾಳಿಗಿಂತಲೂ ಚಿಕ್ಕದು! ಇದನ್ನು ಭೂತಗನ್ನಡಿಯಿಂದ ನೋಡಿ ಅಳೆಯಬೇಕು. ಇನ್ನೊಂದು ಉಪಾಯವೂ ಇತ್ತು. ಒಂದೇ ಜಾಗದ ಎರಡು ಚಿತ್ರಗಳನ್ನು ತುಸು ಅಂತರದಿಂದ ತೆಗೆದು, ಒಂದೊಂದು ಕಣ್ಣಿಗೆ ಒಂದೊಂದು ಕಾಣುವಂತೆ ಮಸೂರಗಳಡಿ ಇಡುತ್ತಿದ್ದರು. ಆಗ ಕಟ್ಟಡಗಳು ನೆಲದಿಂದ ಎದ್ದು ನಿಂತಂತೆ ಕಾಣುತ್ತವೆ. ಎದುರಿಗೆ ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ, ಬೆರಳು ಅತ್ತಿತ್ತ ಜರುಗಿದಂತೆ ಕಾಣುತ್ತದೆ. ಈ ವ್ಯತ್ಯಾಸದಿಂದಲೇ ನಮ್ಮ ಮಿದುಳು ದೂರ ಹತ್ತಿರಗಳನ್ನು ತಿಳಿಯುತ್ತದೆ.

1943ರಲ್ಲಿ ಜರ್ಮನಿಯ ಪೀನೆಮುಂಡೆ ಎಂಬ ಕಡಲತೀರದ ಊರಿನಲ್ಲಿ ಏನೋ ಹೊಸ ಆಯುಧ ತಯಾರಾಗುತ್ತಿದೆ ಎಂಬ ಸುದ್ದಿ ಬಂತು. ಏನೆಂದು ಸ್ಪಷ್ಟವಾಗಿ ತಿಳಿದಿರಲಿಲ್ಲ. ಹಳೆಯ ಚಿತ್ರಗಳನ್ನು ಮತ್ತೆ ತೆಗೆದು ನೋಡುವಾಗ ಬ್ಯಾಬಿಂಗ್ಟನ್ ಸ್ಮಿತ್ ಅವರಿಗೆ ಒಂದು ಪುಟ್ಟ ಬಿಳಿ ಶಿಲುಬೆಯಂಥ ಗುರುತು ಕಂಡಿತು. ಅಳೆದು ನೋಡಿದರೆ ಸುಮಾರು 20 ಅಡಿ, ಅಂದರೆ 6 ಮೀಟರ್. ಅಷ್ಟು ಚಿಕ್ಕ ಯುದ್ಧವಿಮಾನ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಗೊತ್ತಿರುವ ಯಾವುದೋ ಹೆಸರನ್ನು ಅಂಟಿಸಿ ಕೈತೊಳೆದುಕೊಳ್ಳದೆ, ಅದನ್ನು ಸುಮ್ಮನೆ 'ಪೀನೆಮುಂಡೆ 20' ಎಂದು ಕರೆದರು. ಈ ತಾಳ್ಮೆಯೇ ನನಗೆ ಆಕೆಯ ಚುರುಕು ಕಣ್ಣಿಗಿಂತ ದೊಡ್ಡದಾಗಿ ಕಾಣುತ್ತದೆ.

ನವೆಂಬರ್ 28ರಂದು ಬರ್ಲಿನ್ ನಗರದ ಚಿತ್ರ ತೆಗೆಯಲು ಹೊರಟ ಒಂದು ಬ್ರಿಟಿಷ್ ವಿಮಾನಕ್ಕೆ ಮೋಡ ಅಡ್ಡ ಬಂತು. ಚಾಲಕ ಉತ್ತರದ ಕಡಲತೀರಕ್ಕೆ ತಿರುಗಿ ಅಲ್ಲಿಯ ಚಿತ್ರಗಳನ್ನು ತೆಗೆದುಕೊಂಡು ಬಂದ. ಅವುಗಳಲ್ಲಿ ಪೀನೆಮುಂಡೆಯ ಒಂದು ಇಳಿಜಾರು ಕಟ್ಟೆಯ ಮೇಲೆ ಅದೇ ಪುಟ್ಟ ಶಿಲುಬೆ ಕುಳಿತಿತ್ತು! ಅದು ಚಾಲಕನೇ ಇಲ್ಲದ ಹಾರುವ ಬಾಂಬು. ಮುಂದೆ ಅದಕ್ಕೆ ವಿ-1 ಎಂಬ ಹೆಸರು ಬಂತು. ಅದರ ರೆಕ್ಕೆಗಳ ನಿಜವಾದ ಅಗಲ ಸುಮಾರು 5.3 ಮೀಟರ್. ಮಸುಕಾದ ಚುಕ್ಕೆಯಿಂದ ಅಳೆದದ್ದಕ್ಕೆ ಹತ್ತಿರವೇ ಇದೆ, ಅಲ್ಲವೇ?

ಫ್ರಾನ್ಸ್‌ನಲ್ಲಿ ಜರ್ಮನ್ನರು ಲಂಡನ್ನಿನ ಕಡೆಗೆ ಮುಖಮಾಡಿ ಕಟ್ಟುತ್ತಿದ್ದ ವಿಚಿತ್ರ ಕಟ್ಟಡಗಳು ಏತಕ್ಕೆ ಎಂಬುದು ಇದರಿಂದ ಖಚಿತವಾಯಿತು. ಅವುಗಳ ಮೇಲೆ ಡಿಸೆಂಬರಿನಿಂದ ದೊಡ್ಡ ದಾಳಿ ನಡೆಯಿತು. ಆದರೂ ಜರ್ಮನ್ನರು ಬೇರೆ ಸರಳ ಕಟ್ಟೆಗಳನ್ನು ಕಟ್ಟಿಕೊಂಡು 1944ರ ಜೂನ್ 13ರಿಂದ ವಿ-1 ಹಾರಿಸತೊಡಗಿದರು. ಬ್ರಿಟನ್ನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಮೊದಲ ಕಟ್ಟಡಗಳು ಗುರುತಾಗದೆ ಉಳಿದಿದ್ದರೆ ದಾಳಿ ಇನ್ನೂ ಮುಂಚೆಯೇ ಶುರುವಾಗುತ್ತಿತ್ತು.

ಇಂದಿನ ಹವ್ಯಾಸಿಗಳಿಗೆ ಶತ್ರುವಿನ ಭಯವಿಲ್ಲ, ಆದರೆ ಚಿತ್ರಗಳು ಮೋಸ ಮಾಡುವುದು ತಪ್ಪಿಲ್ಲ. ಹಳೆಯ ಕಾಲದ ಒಂದು ಬಗೆಯ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ವಿಮಾನ ಅದರಲ್ಲಿ ಕಪ್ಪಾಗಿ, ನೀಲಿ ವಿಮಾನ ಬೆಳ್ಳಗೆ ಬರುತ್ತಿತ್ತು. ಫಿಲ್ಮನ್ನು ತಿರುವುಮುರುವಾಗಿ ಇಟ್ಟು ಮುದ್ರಿಸಿದರೆ ಎಡಗಡೆಯ ಬಾಗಿಲು ಬಲಕ್ಕೆ ಬರುತ್ತದೆ. ಅಂಥ ಚಿತ್ರ ಕೈಗೆ ಬಂದಾಗ ಅನುಭವಿಗಳು ವಿಮಾನವನ್ನು ಬಿಟ್ಟು ಮೊದಲು ಅದರ ಹಿಂದಿರುವ ಫಲಕಗಳನ್ನು, ಜನರ ಅಂಗಿಯ ಗುಂಡಿಗಳನ್ನು ನೋಡುತ್ತಾರೆ. ಗಂಡಸರ ಅಂಗಿಯ ಗುಂಡಿ ಸಾಮಾನ್ಯವಾಗಿ ಬಲಬದಿಗೆ ಇರುತ್ತದೆ. ಎಲ್ಲರದ್ದೂ ಎಡಕ್ಕಿದ್ದರೆ ಚಿತ್ರವೇ ಮಗುಚಿದೆ ಎಂದು ಅರ್ಥ.